ಹನ್ನೊಂದು ಹುಡುಗಿಯರ ವಿಷಯ

ವರದಾಬಾಯಿಯ ಅರ್ಜಿ ಶಾಲಾ ಸಮಿತಿಯ ಸಭೆಗೆ ಬಂದದ್ದು ಅದು ನಾಲ್ಕನೆಯ ಸಲ. ಪ್ರತಿ ಜುಲೈಯಲ್ಲೂ ಅವರು ಅದನ್ನು ಹೊಸದಾಗಿ ಬರೆಯುತ್ತಿದ್ದರು. ತಾರೀಖು ಬಿಟ್ಟರೆ ಉಳಿದದ್ದೆಲ್ಲ ಹಳೆಯದೇ. ಎಂಟು ಮತ್ತು ಒಂಬತ್ತನೆಯ ತರಗತಿಯ ಎಲ್ಲ ಮಕ್ಕಳಿಗೂ, ಗಂಡು ಹೆಣ್ಣೆನ್ನದೆ, ಗೃಹವಿಜ್ಞಾನವನ್ನು ಕಡ್ಡಾಯ ಮಾಡಬೇಕು, ವಾರಕ್ಕೆ ಎರಡು ತಾಸು ಕೊಡಬೇಕು ಎಂಬುದಷ್ಟೇ ಅದರ ಸಾರ.

ಗಡಿಯಾಚೆ, ಮರಾಠಿ ಸೀಮೆಯ ಅಕ್ಕಲಕೋಟದ ಆ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಅವರು ಮೂವತ್ತೊಂದು ವರ್ಷಗಳಿಂದ ಆ ವಿಷಯ ಕಲಿಸುತ್ತಿದ್ದರು. ಆ ಕಡೆ ಶಿಕ್ಷಕಿಯರನ್ನು ಕರೆಯುವ ಹಾಗೆ ಮಕ್ಕಳಿಗೆ ಅವರು 'ಬಾಯಿ', ದೊಡ್ಡವರಿಗೆ 'ಬಾಯಾರು'. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದೊಂದು ತರಗತಿಯಲ್ಲೂ ನಲವತ್ತು ಹುಡುಗಿಯರಿರುತ್ತಿದ್ದರು. ಈಗ ಎರಡೂ ತರಗತಿ ಸೇರಿಸಿದರೆ ಹನ್ನೊಂದು. ಬೇಕಾದವರು ತೆಗೆದುಕೊಳ್ಳುವ ವಿಷಯವಾದ್ದರಿಂದ ಹುಡುಗರು ಆ ತಾಸಿನಲ್ಲಿ ಮೈದಾನಕ್ಕೆ ಹೋಗುತ್ತಿದ್ದರು, ಉಳಿದ ಹುಡುಗಿಯರು ಕಂಪ್ಯೂಟರಿಗೆ. ಮೂವತ್ತೊಂದು ವರ್ಷಗಳಲ್ಲಿ ಒಬ್ಬ ಹುಡುಗನೂ ಗೃಹವಿಜ್ಞಾನದ ಕೋಣೆಗೆ ಕಲಿಯಲು ಬಂದಿರಲಿಲ್ಲ.

ಮುಖ್ಯಾಧ್ಯಾಪಕರಾದ ಅಮೋಗಸಿದ್ಧ ಸರ್ ಅರ್ಜಿಯನ್ನು ಒಂದೇ ಉಸಿರಿನಲ್ಲಿ ಓದಿ ಮೇಜಿನ ಮೇಲಿಟ್ಟರು. ಸಮಿತಿಯ ಅಧ್ಯಕ್ಷರಾದ ವೃದ್ಧ ಸಾತಲಿಂಗಪ್ಪನವರು ಯಾರಾದರೂ ಮಾತಾಡಲಿ ಎಂದು ಸುತ್ತ ನೋಡಿದರು. ಮಾತಾಡಿದವನು ಕಲ್ಲಣ್ಣ. ವಳಸಂಗದ ಆಚೆ ರಸ್ತೆಯಿಂದ ಒಳಗೆ ಹೊಲದಲ್ಲೇ ಮನೆ ಕಟ್ಟಿಕೊಂಡಿದ್ದ ಕಬ್ಬಿನ ರೈತ; ಪೋಷಕರ ಪರವಾಗಿ ಸಮಿತಿಯಲ್ಲಿದ್ದ. ಅವನ ಮಗ ಶೈಲೇಶ ಹತ್ತನೆಯ ತರಗತಿಯಲ್ಲಿ, ಮಗಳು ಶ್ರದ್ಧಾ ಒಂಬತ್ತನೆಯದರಲ್ಲಿ ಇದೇ ಶಾಲೆಗೆ ಬರುತ್ತಿದ್ದರು. ಆ ಹನ್ನೊಂದರಲ್ಲಿ ಶ್ರದ್ಧಾಳೂ ಒಬ್ಬಳು.

"ಬಾಯಾರ, ಸಿಟ್ಟ ಆಗಬ್ಯಾಡ್ರಿ," ಎಂದ ಕಲ್ಲಣ್ಣ. "ಹುಡುಗ್ಯಾರಿಗಿ ಅವ್ರವ್ವ ಮನ್ಯಾಗ ಕಲಸ್ತಾಳ. ಹುಡುಗೂರಿಗಿ ಅದು ಬೇಕಾಗಾಂಗಿಲ್ಲ. ಮತ್ತ ಸಾಲ್ಯಾಗ ಯಾಕ್ರಿ?"

"ಹುಡುಗೂರಿಗೂ ಹೊಟ್ಟಿ ಅದ ಅಲ್ರಿ ಕಲ್ಲಣ್ಣಾವ್ರ," ಎಂದರು ವರದಾಬಾಯಿ. "ಬರೇ ಅಡಗಿ ಅಲ್ರಿ ಇದು. ಕೂಸಿಗಿ ಜುಲಾಬ ಹತ್ತಿದ್ರ ಏನ ಕುಡಸಬೇಕು, ಔಷಧದ ಬಾಟ್ಲಿ ಮ್ಯಾಲ ಏನ ಬರದಿರ್ತದ, ಗ್ಯಾಸಿನ ವಾಸನಿ ಬಂದ್ರ ಮೊದಲ ಏನ ಮಾಡಬೇಕು, ಇದೆಲ್ಲಾ ಅದರಾಗ ಬರ್ತದ."

"ಅದೆಲ್ಲಾ ಖರೇರಿ. ಒಂದ ಮಾತ ಕೇಳ್ತೀನಿ. ನಿಮ್ಮ ಮನ್ಯಾಗ ಸಾಹೇಬ್ರು ರೊಟ್ಟಿ ಬಡೀತಾರೇನ್ರಿ?"

ಎಲ್ಲರೂ ನಕ್ಕರು. ಆ ನಗೆಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಕಲ್ಲಣ್ಣನೂ ಕುಚೋದ್ಯಕ್ಕೆ ಕೇಳಿದವನಲ್ಲ. ವರದಾಬಾಯಿಯ ಮನೆಯ ಮಟ್ಟಿಗೆ ಉತ್ತರ 'ಇಲ್ಲ' ಎಂದೇ ಆಗಿತ್ತು. ಅವರು ಅರ್ಜಿಯ ತಮ್ಮ ಪ್ರತಿಯನ್ನು ಮಡಚಿ ಚೀಲದಲ್ಲಿಟ್ಟರು. ದೀಪಾವಳಿ ಮುಗಿದ ಮೇಲೆ ಗೃಹವಿಜ್ಞಾನದ ಕೋಣೆಯನ್ನು ಕಂಪ್ಯೂಟರಿಗೆ ಕೊಡುವುದು, ಹನ್ನೊಂದು ಹುಡುಗಿಯರನ್ನು ಬೇರೆ ವಿಷಯಕ್ಕೆ ಸೇರಿಸುವುದು ಎಂದು ಮಾತಾಯಿತು. ಠರಾವನ್ನು ಮುಂದಿನ ಸಭೆಯಲ್ಲಿ ಬರೆದುಕೊಂಡರಾಯಿತು ಎಂದು ಎದ್ದರು.

ಸೋಲಾಪುರದ ಬಸ್ಸಿನಲ್ಲಿ ವಳಸಂಗದವರೆಗೂ ನಿಂತೇ ಹೋಗಬೇಕಾಯಿತು. ಸೋಲಾಪುರದ ಶುಕ್ರವಾರ ಪೇಠ ಎಂಬ ಓಣಿಯ ಮನೆ ಮುಟ್ಟಿದಾಗ ಏಳು ಗಂಟೆ. ಗಂಡ ನಾಗೇಶ ನೀರಾವರಿ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮಧ್ಯಾಹ್ನ ಓದಿದ ಪತ್ರಿಕೆಯನ್ನೇ ಮತ್ತೆ ಹಿಡಿದು ಕುಳಿತಿದ್ದರು.

"ಬಂದ್ಯಾ? ಚಾ ಇಡು," ಎಂದರು.

ವರದಾಬಾಯಿ ಚಪ್ಪಲಿ ಬಿಟ್ಟು ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕುಳಿತರು. "ನೀವು ಒಂದ ದಿನಾನೂ ಚಾ ಮಾಡ್ಕೊಂಡಿಲ್ಲ ಅಲ್ಲ?"

"ನೀ ಎಂದಾದ್ರೂ ಕಲಸೀಯೇನು?"

ಅವರು ಅದನ್ನು ಜಗಳಕ್ಕೆ ಅಂದಿರಲಿಲ್ಲ, ನಿಜವಾಗಿಯೇ ಕೇಳಿದ್ದರು. ವರದಾಬಾಯಿಗೆ ಮದುವೆಯಾದ ಹೊಸದರ ಒಂದು ಮುಂಜಾನೆ ನೆನಪಾಯಿತು. ನಾಗೇಶ ಅಡಿಗೆಮನೆಗೆ ಬಂದು ಉಳ್ಳಾಗಡ್ಡಿ ಹೆಚ್ಚಲು ಕುಳಿತಿದ್ದರು. ಹೋಳುಗಳು ಹೆಬ್ಬೆರಳು ಗಾತ್ರ. ಬಸ್ಸಿಗೆ ಹೊತ್ತಾಗಿತ್ತು. "ಬಿಡ್ರಿ, ನಾನ ಮಾಡ್ತೀನಿ" ಎಂದು ಇವರೇ ಈಳಿಗೆ ಎಳೆದುಕೊಂಡಿದ್ದರು. ಮಗ ವೇದಾಂತ ಎಂಟು ವರ್ಷದವನಿದ್ದಾಗ ಹಿಟ್ಟು ನಾದುತ್ತೇನೆಂದು ಹಟ ಹಿಡಿದಿದ್ದ. ಅವನಿಗೂ ಅದೇ ಮಾತು ಅಂದಿದ್ದರು. ಆಮೇಲೆ ಇಬ್ಬರೂ ಕೇಳಲಿಲ್ಲ.

ಅವತ್ತು ಅವರು ನಾಗೇಶರನ್ನು ಗ್ಯಾಸಿನ ಮುಂದೆ ನಿಲ್ಲಿಸಿ ಚಹಾ ಮಾಡುವುದನ್ನು ಹೇಳಿಕೊಟ್ಟರು. ನಾಲ್ಕು ದಿನ ನಾಗೇಶ ಮಾಡಿದರು. ಐದನೆಯ ದಿನ ಮನೆಗೆ ಗೆಳೆಯರು ಬಂದಿದ್ದರು, ಆರನೆಯ ದಿನ ಸೊಂಟ ಹಿಡಿದಿತ್ತು. ಏಳನೆಯ ದಿನದಿಂದ ವರದಾಬಾಯಿಯೇ ಮಾಡಿದರು. ನೆನಪು ಮಾಡಿಕೊಡುವುದೂ ಒಂದು ಕೆಲಸವಷ್ಟೆ. ಅದಕ್ಕೆ ಅವರಲ್ಲಿ ತ್ರಾಣ ಉಳಿದಿರಲಿಲ್ಲ.

ಆಗಸ್ಟಿನಲ್ಲಿ ಶ್ರದ್ಧಾ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಒಂಬತ್ತು ದಿನ ನೋಡಿ ವರದಾಬಾಯಿ ಅವಳ ಅಣ್ಣನನ್ನು ಕರೆದು ಕೇಳಿದರು.

"ಅವ್ವಂದು ಆಪರೇಶನ್ ಆಗ್ಯಾದ್ರಿ ಬಾಯಿ, ಸೋಲಾಪುರದಾಗ," ಎಂದ ಶೈಲೇಶ. "ಡಾಕ್ಟರ್ ಮೂರ ತಿಂಗಳ ಏಳಬ್ಯಾಡ ಅಂದಾರ. ಮನ್ಯಾಗ ಮಾಡಾವ್ರು ಯಾರೂ ಇಲ್ರಿ."

"ನೀ ಇದ್ದೀಯಲ್ಲೋ?"

ಬಾಯಿ ಏನೋ ಚೇಷ್ಟೆ ಮಾಡಿದರೆಂದುಕೊಂಡು ಹುಡುಗ ನಕ್ಕ.

ಅಮೋಗಸಿದ್ಧ ಸರ್‌ಗೆ ಹೇಳಿದರೆ, "ಕಲ್ಲಣ್ಣ ಸಮಿತಿಯಾಗ ಇದ್ದಾವ್ರು, ನಾ ಹ್ಯಾಂಗ ಹೇಳ್ಲಿ ಬಾಯಾರ?" ಎಂದರು. ಹೀಗಾಗಿ ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ವರದಾಬಾಯಿ ಕಲ್ಲಣ್ಣನ ಹೊಲಕ್ಕೆ ಹೋಗಲು ದಾರಿಯಲ್ಲೇ ಬಸ್ಸಿಳಿದರು. ಕಬ್ಬಿನ ನಡುವಿನ ಗಾಡಿದಾರಿಯಲ್ಲಿ ಒಂದು ಮೈಲು. ಮಳೆ ಬಂದು ಹೋಗಿ ಕರಿಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತಿತ್ತು. ಮೊಣಕಾಲು ನೋಯುತ್ತಿತ್ತು. ಈ ವಯಸ್ಸಿನಲ್ಲಿ ತನಗೇಕೆ ಇದೆಲ್ಲ ಎಂದು ಎರಡು ಸಲ ನಿಂತರು. ಬಂದಷ್ಟೇ ದೂರ ಹಿಂದಕ್ಕೂ ನಡೆಯಬೇಕಲ್ಲ ಎಂದು ಮುಂದೆ ಹೋದರು.

ಮನೆಯ ಪಡಸಾಲೆಯಲ್ಲಿ ಹೊರಸಿನ ಮೇಲೆ ಶ್ರದ್ಧಾಳ ತಾಯಿ ಪಾರ್ವತಿಬಾಯಿ ಮಲಗಿದ್ದಳು. ಗರ್ಭಚೀಲ ತೆಗೆದಿದ್ದರು; ಭಾರ ಎತ್ತುವಂತಿಲ್ಲ, ಕುಕ್ಕರಗಾಲಲ್ಲಿ ಕೂರುವಂತಿಲ್ಲ. ಅವಳ ಅತ್ತೆ ಗುರುಲಿಂಗಮ್ಮನಿಗೆ ಎಪ್ಪತ್ತು ದಾಟಿತ್ತು, ಕೈ ನಡುಗುತ್ತಿತ್ತು. ಒಳಗೆ ಒಲೆಯ ಮುಂದೆ ಶ್ರದ್ಧಾ. ಮನೆಯವರಿಗೂ ಹೊಲದ ಆಳುಗಳಿಗೂ ಸೇರಿ ಹೊತ್ತಿಗೆ ಇಪ್ಪತ್ತನಾಲ್ಕು ರೊಟ್ಟಿ. ಬಲಗೈ ಮಣಿಕಟ್ಟಿನ ಮೇಲೆ ಹಂಚು ತಾಗಿ ಸುಟ್ಟ ಎರಡು ಗೆರೆಗಳಿದ್ದವು. ಬಾಯಿಯನ್ನು ನೋಡಿ ಎದ್ದು ನಿಂತಳು. ಹಿಟ್ಟಿನ ಕೈ ಎಲ್ಲಿ ಒರೆಸಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡಿದ್ದಳು.

"ಘಟಕ ಚಾಚಣಿ ಆತೇನ್ರಿ ಬಾಯಿ?" ಎಂದು ಮೊದಲು ಪರೀಕ್ಷೆಯ ಮಾತನ್ನೇ ಕೇಳಿದಳು.

"ಸೋಮವಾರದಿಂದ ಅದ."

ಹುಡುಗಿ ಮತ್ತೆ ಕುಳಿತು ರೊಟ್ಟಿ ತಿರುವಿದಳು. ಪಕ್ಕದ ಕೋಣೆಯಲ್ಲಿ ಶೈಲೇಶ ಪುಸ್ತಕದ ಮುಂದೆ ಕುಳಿತಿದ್ದ. ಮೊಬೈಲೂ ಪುಸ್ತಕದ ಮೇಲೇ ಇತ್ತು.

ಕಲ್ಲಣ್ಣ ಹೊಲದಿಂದ ಬಂದವನು ಬಾಯಾರನ್ನು ಕಂಡು ಗಡಿಬಿಡಿಯಿಂದ ಕುರ್ಚಿ ತಂದಿಟ್ಟ. ವರದಾಬಾಯಿ ಬಂದ ಕಾರಣ ಹೇಳಿದರು.

"ಮೂರ ತಿಂಗಳ ಮಾತ ಅದ್ರಿ ಬಾಯಾರ. ದೀಪಾವಳಿ ಮುಗೀತಂದ್ರ ಆಕಿ ಮತ್ತ ಬರ್ತಾಳ."

"ಮೂರ ತಿಂಗಳ ಆದ್ರ ಆಕಿ ಈ ವರ್ಷ ನಾಪಾಸ. ಆಮ್ಯಾಲ ನೀವ ಅಂತೀರಿ, ಹ್ಯಾಂಗೂ ನಾಪಾಸ ಆಗ್ಯಾಳ, ಮದವಿಗಿ ಒಂದ ವರಾ ನೋಡೋಣ ಅಂತ. ಮೂವತ್ತ ವರ್ಷದಾಗ ಇಂಥಾವು ಎಷ್ಟ ನೋಡೀನಿ ಕಲ್ಲಣ್ಣಾವ್ರ."

ಕಲ್ಲಣ್ಣ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ಮತ್ತ ರೊಟ್ಟಿ ಯಾರ ಮಾಡಬೇಕ್ರಿ? ನಮ್ಮವ್ವನ ಕೈಲಿ ಆಗಾಂಗಿಲ್ಲ. ಅಡಗಿಗಿ ಆಳ ಹಚ್ಚೂಣಂದ್ರ ಇಷ್ಟ ದೂರ ಹೊಲದಾಗ ಯಾರೂ ಬರಾಂಗಿಲ್ಲ."

"ಶೈಲೇಶಗ ನಾ ಕಲಸ್ತೀನಿ."

"ಅವಂದು ದಹಾವಿ ವರ್ಷ ಅದ್ರಿ! ಮಾರ್ಚದಾಗ ಬೋರ್ಡ ಪರೀಕ್ಷಾ."

"ಹಂಗಾರ ನಿಮಗ ಕಲಸ್ತೀನಿ."

ಧೈರ್ಯದಿಂದ ಆಡಿದ ಮಾತಲ್ಲ ಅದು. ವಾದ ಮಾಡಿ ಮಾಡಿ ಸಾಕಾದವರ ಬಾಯಿಂದ ತಾನಾಗಿ ಬಂದದ್ದು. ಆಡಿದ ಮೇಲೆ ಅವರಿಗೇ ಅಳುಕಾಯಿತು. ಗುರುಲಿಂಗಮ್ಮ, "ಏನಂದ್ರಿ?" ಎಂದು ಕಿವಿ ಮುಂದೆ ಮಾಡಿದಳು. ಕಲ್ಲಣ್ಣ ನಗಲು ನೋಡಿದ, ನಗು ಬರಲಿಲ್ಲ.

ಹೊರಸಿನ ಮೇಲಿಂದ ಪಾರ್ವತಿಬಾಯಿ ಮೆಲ್ಲಗೆ ಅಂದಳು: "ಮಠದಾಗ ದಾಸೋಹ ಇದ್ರ ಐನೂರ ಮಂದಿಗಿ ಹುಗ್ಗಿ ಮಾಡ್ತೀರಿ. ಮನ್ಯಾಗ ನಾಕ ಮಂದಿಗಿ ಯಾಕ ಆಗಾಂಗಿಲ್ಲ?"

"ಅದು ದೇವರ ಕೆಲಸ ಅದ."

"ಮತ್ತ ಇಪ್ಪತ್ತ ವರ್ಷ ನಾ ಮಾಡಿದ್ದು ಯಾರ ಕೆಲಸ?"

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಕಲ್ಲಣ್ಣ ಬಾಗಿಲಿನಾಚೆ ನೋಡಿದ. ಬಾವಿಯ ಹತ್ತಿರ ಆಳುಗಳಿಬ್ಬರು ಪೈಪು ಜೋಡಿಸುತ್ತಿದ್ದರು. ಟವೆಲನ್ನು ಗೂಟಕ್ಕೆ ತೂಗುಹಾಕಿ, ಕೈ ತೊಳೆದು ಬಂದ.

"ಶ್ರದ್ಧಾ, ಬಾಗಲಾ ಹಾಕು," ಎಂದ.

ಕುದಿಯುವ ನೀರನ್ನು ಹಿಟ್ಟಿಗೆ ಹಾಕಿ, ಆರುವ ಮೊದಲೇ ಕಲೆಸಬೇಕು. ಇಲ್ಲದಿದ್ದರೆ ಜೋಳಕ್ಕೆ ಜಿಗಿ ಬರುವುದಿಲ್ಲ. ಕಲ್ಲಣ್ಣ ಮೊದಲ ಸಲ ಕೈಯಿಟ್ಟವನೇ ಹಾ ಎಂದು ಹಿಂದಕ್ಕೆ ಎಳೆದುಕೊಂಡ. "ಇಷ್ಟ ಸುಡ್ತದೇನು ಇದು?" ಎಂದು ಮಗಳನ್ನು ಕೇಳಿದ. ಶ್ರದ್ಧಾ ಹೌದೆಂದು ತಲೆ ಆಡಿಸಿದಳು. ನಾದುವುದು ಅವನಿಗೆ ಸುಲಭವಾಯಿತು, ತೋಳಿನಲ್ಲಿ ಬಲವಿತ್ತು. ಬಡಿಯುವಾಗ ಆ ಬಲವೇ ಅಡ್ಡಿಯಾಯಿತು. ಅಂಚು ಒಡೆಯಿತು. ಎತ್ತಿ ಹಂಚಿಗೆ ಹಾಕುವಾಗ ರೊಟ್ಟಿ ಎರಡು ಹೋಳಾಗಿ ಒಂದು ಬೂದಿಗೆ ಬಿತ್ತು.

"ಹಗೂರಕ ಬಡೀರಿ," ಎಂದರು ವರದಾಬಾಯಿ. "ಬೆರಳಲೆ ತಿರುಗಿಸ್ಕೋಂತ ಹೋಗ್ರಿ. ಅದು ತಾನ ಬೆಳೀತದ."

ನಾಲ್ಕನೆಯದು ಹರಿಯದೆ ಹಂಚು ಸೇರಿತು. ದಪ್ಪಗಿತ್ತು, ನಡುವೆ ಬೆಂದಿರಲಿಲ್ಲ. ಗುರುಲಿಂಗಮ್ಮ ಅದನ್ನು ಹಾಲಿನಲ್ಲಿ ನೆನೆಸಿ ಒಂದು ತುತ್ತು ತಿಂದು, "ಹಸಿ ಅದ," ಎಂದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗ ಒಲೆಯ ಮುಂದೆ ಕುಳಿತದ್ದಕ್ಕೋ, ತನ್ನ ಕೈಯಲ್ಲಿ ಆಗದೆ ಹೋದದ್ದಕ್ಕೋ, ಅವಳು ಹೇಳಲಿಲ್ಲ.

ವರದಾಬಾಯಿ ಇನ್ನೂ ಮೂರು ಶನಿವಾರ ಹೋದರು. ಪ್ರತಿ ಸಲವೂ ಮನೆ ಸೇರುವಾಗ ಕತ್ತಲಾಗುತ್ತಿತ್ತು. ಮೊಣಕಾಲು ಬಾತು, ಭಾನುವಾರವೆಲ್ಲ ಎಣ್ಣೆ ಹಚ್ಚಿಕೊಂಡು ಕೂರಬೇಕಾಗುತ್ತಿತ್ತು. ಕಲ್ಲಣ್ಣ ಕಡಲೆಹಿಟ್ಟಿನ ಝುಣಕ, ಬೇಳೆ, ಅನ್ನ ಕಲಿತ. ಶೈಲೇಶನಿಗೆ ಪಾತ್ರೆ ತಿಕ್ಕುವ ಪಾಳಿ ಬಂತು. ಅದನ್ನು ಹೇಳಿದವಳು ಮಲಗಿದ್ದ ಪಾರ್ವತಿಬಾಯಿ. ಶ್ರದ್ಧಾ ಸೆಪ್ಟೆಂಬರಿನಲ್ಲಿ ಶಾಲೆಗೆ ಮರಳಿದಳು. ದಿನಾ ಬಂದಳೆಂದಲ್ಲ. ಹೊಲದಲ್ಲಿ ಆಳು ಹೆಚ್ಚಾದ ದಿನ ಬರುತ್ತಿರಲಿಲ್ಲ. ಬಂದ ದಿನವೂ ಕೆಲವೊಮ್ಮೆ ಮಧ್ಯಾಹ್ನದ ತಾಸಿನಲ್ಲಿ ಬೆಂಚಿಗೆ ತಲೆ ಇಟ್ಟು ನಿದ್ದೆ ಮಾಡುತ್ತಿದ್ದಳು. ವರದಾಬಾಯಿ ಎಬ್ಬಿಸುತ್ತಿರಲಿಲ್ಲ.

ಕೊನೆಯ ಶನಿವಾರ ಕಲ್ಲಣ್ಣ ರಸ್ತೆಯವರೆಗೆ ಬೈಕಿನ ಮೇಲೆ ಬಿಡಲು ಬಂದ.

"ಬಾಯಾರ, ಒಂದ ಹೇಳಬೇಕಿತ್ರಿ. ಈ ಮಾತ ಸಾಲ್ಯಾಗ..."

"ನಾ ಹೇಳಾಂಗಿಲ್ಲ," ಎಂದರು ವರದಾಬಾಯಿ. "ನೀವ ಹೇಳಿದ್ರ ನನಗ ಉಪಕಾರ ಆಗ್ತದ."

"ಅದು ಆಗಾಂಗಿಲ್ರಿ. ನಾಕ ಮಂದ್ಯಾಗ ಓಡಾಡಾವ ನಾ."

ಅಕ್ಟೋಬರಿನ ಸಭೆಗೆ ಹೋಗುವಾಗ ವರದಾಬಾಯಿಗೆ ಹೆಚ್ಚಿನ ಆಸೆಯೇನೂ ಇರಲಿಲ್ಲ. ಕೋಣೆ ಕಂಪ್ಯೂಟರಿಗೆ ಎಂಬ ಠರಾವನ್ನು ಅಮೋಗಸಿದ್ಧ ಸರ್ ಓದಿದರು. ಅದಾದ ಮೇಲೆ ವರದಾಬಾಯಿ ಎದ್ದು ನಿಂತರು. ಸಾತಲಿಂಗಪ್ಪನವರು, "ಬಾಯಾರ, ಪ್ರತಿ ವರ್ಷ ಅದ ಅರ್ಜ ಅದ. ಈ ವರ್ಷ ಆತಲ್ಲಾ ಅದರ ಮಾತ?" ಎಂದರು.

"ಅರ್ಜದ ಮಾತ ಅಲ್ರಿ. ಹೋದ ಸಲ ನನಗ ಒಂದ ಪ್ರಶ್ನಾ ಕೇಳಿದ್ರಿ, ಅದಕ್ಕ ಉತ್ತರ ಕೊಡೂದು ಉಳದಿತ್ತು." ಕಲ್ಲಣ್ಣ ತಲೆ ತಗ್ಗಿಸಿದ. ವರದಾಬಾಯಿ ಅವನ ಕಡೆ ನೋಡಲಿಲ್ಲ. "ನಮ್ಮ ಮನ್ಯಾಗ ಅವ್ರು ರೊಟ್ಟಿ ಬಡಿಯಾಂಗಿಲ್ರಿ. ಚಾ ಸುದ್ದಾ ಮಾಡಾಂಗಿಲ್ಲ. ನನ್ನ ಮಗನೂ ಮಾಡಾಂಗಿಲ್ಲ. ನಾ ಕಲಸ್ಲಿಲ್ಲ. ಮೂವತ್ತೊಂದ ವರ್ಷ ಮಂದಿ ಮಕ್ಕಳಿಗಿ ಕಲಸೀನಿ, ಮನ್ಯಾಗ ಕಲಸ್ಲಿಲ್ಲ. ಯಾಕಂದ್ರ ಮನ್ಯಾಗ ಹೊತ್ತ ಇರಾಂಗಿಲ್ರಿ. ಒಬ್ಬರಿಗಿ ಕಲಸೂದಕ್ಕ ಒಂದ ತಾಸ ಬೇಕು, ನಾನ ಮಾಡಿದ್ರ ಹತ್ತ ಮಿನಿಟ. ದಣದ ಬಂದಾಕಿ ಹತ್ತ ಮಿನಿಟಿನ ಹಾದಿನ ಹಿಡೀತಾಳ. ಎಲ್ಲಾರ ಮನ್ಯಾಗೂ ಹಂಗ ಅದ. ಅವ್ವ ಮನ್ಯಾಗ ಕಲಸ್ತಾಳ ಅಂತೀರಿ. ಆಕಿ ಕಲಸಾಂಗಿಲ್ರಿ, ಮಾಡಿ ಬಿಡ್ತಾಳ. ಒಂದ ದಿನ ಆಕಿ ಮಲಗಿದ್ರ ಮಗಳ ಸಾಲಿ ಬಿಡ್ತಾಳ. ಅದಕ್ಕ ಸಾಲ್ಯಾಗ ಬೇಕು ಅಂತೀನಿ. ಸಾಲ್ಯಾಗ ಕಲಸೂದಕ್ಕಂತ ಹೊತ್ತ ಇಟ್ಟಿರ್ತದ. ಇಷ್ಟ ನನ್ನ ಮಾತ."

ಹೇಳಿ ಕುಳಿತರು. ಅಮೋಗಸಿದ್ಧ ಸರ್ ನೀರಿನ ಲೋಟ ಅವರ ಕಡೆ ಸರಿಸಿದರು. ಯಾರೋ ಒಬ್ಬರು, "ಪಾಲಕರು ಒಪ್ಪಾಂಗಿಲ್ರಿ, ಗಂಡಹುಡುಗೂರ ಕೈಯಾಗ ಲಟ್ಟಣಿಗಿ ಕೊಟ್ರ ನಗ್ತಾರ," ಎಂದರು.

ಕಲ್ಲಣ್ಣ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. "ನಕ್ರ ನಗಲಿ. ಎಂಟನೇ ಕ್ಲಾಸಿಗಿ ಒಂದ ವರ್ಷ ಕೊಟ್ಟ ನೋಡ್ರಿ," ಎಂದ.

ಸಾತಲಿಂಗಪ್ಪನವರಿಗೆ ಆಶ್ಚರ್ಯವಾಯಿತು. "ಜುಲೈದಾಗ ನೀನ ಬ್ಯಾಡ ಅಂದಿದ್ಯಲ್ಲೋ?"

"ಅಂದಿದ್ನಿ."

ಅಷ್ಟೇ.

ಠರಾವು ಹೀಗಾಯಿತು: ಎಂಟನೆಯ ತರಗತಿಗೆ ಮಾತ್ರ, ಹುಡುಗರಿಗೂ ಹುಡುಗಿಯರಿಗೂ ಕಡ್ಡಾಯ, ಕಾರ್ಯಾನುಭವದ ಹೆಸರಿನಲ್ಲಿ ಶನಿವಾರ ಒಂದು ತಾಸು, ಏಪ್ರಿಲ್‌ವರೆಗೆ ಪ್ರಯೋಗ. ಅಂಕ ಇಲ್ಲ. ಕೋಣೆಯೂ ಇಲ್ಲ, ಹಿಂದಿನ ವರಾಂಡದಲ್ಲಿ ನಡೆಸಿಕೊಳ್ಳಬೇಕು. ವರದಾಬಾಯಿ ಕೇಳಿದ್ದರ ಕಾಲುಭಾಗವೂ ಅಲ್ಲ ಅದು. ಮನೆಗೆ ಹೋಗಿ ನಾಗೇಶರಿಗೆ ಹೇಳಿದಾಗ ಅವರು, "ಗೆದ್ದೀ ಅಲ್ಲ, ಮತ್ತ ಮುಖ ಯಾಕ ಹಂಗ?" ಎಂದರು. ವರದಾಬಾಯಿಗೆ ನಾಳೆಗೆ ಕಾಳು ನೆನೆಹಾಕುವುದಿತ್ತು, ಒಳಗೆ ಹೋದರು.

ನವೆಂಬರಿನ ಮೊದಲ ಶನಿವಾರ ವರಾಂಡದಲ್ಲಿ ನಲವತ್ತಾರು ಮಕ್ಕಳು ಕುಳಿತರು, ಅದರಲ್ಲಿ ಇಪ್ಪತ್ತೇಳು ಹುಡುಗರು. ಎರಡೇ ಒಲೆ. ಹುಡುಗರು ಒಬ್ಬರನ್ನೊಬ್ಬರು ನೂಕಿ ನಕ್ಕರು. ಹುಡುಗಿಯರು ಇದೆಲ್ಲ ನಮಗೆ ಗೊತ್ತೆಂದು ಬೇಸರದಿಂದ ಕುಳಿತರು. ಉಪ್ಪು ಸಕ್ಕರೆಯ ನೀರನ್ನು ಎಷ್ಟಕ್ಕೆ ಎಷ್ಟು ಹಾಕಿ ಮಾಡಬೇಕೆಂದು ಕೇಳಿದಾಗ ಹುಡುಗರಿಗೂ ಬರಲಿಲ್ಲ, ಹುಡುಗಿಯರಿಗೂ ಬರಲಿಲ್ಲ. ಆಗ ಸ್ವಲ್ಪ ಗಲಾಟೆ ಇಳಿಯಿತು. ಮರುವಾರ ಒಬ್ಬ ತಂದೆ ಬಂದು, ತನ್ನ ಮಗನಿಂದ ಕಸ ಹೊಡೆಸಿದಿರಂತೆ ಎಂದು ಕೂಗಾಡಿದ. ಅಮೋಗಸಿದ್ಧ ಸರ್ ಅವನನ್ನು ನೇರವಾಗಿ ವರಾಂಡಕ್ಕೆ ಕಳಿಸಿದರು. ವರದಾಬಾಯಿ ಪಾಠ ನಿಲ್ಲಿಸದೆ ಅವನಿಗೊಂದು ಸ್ಟೂಲು ತೋರಿಸಿದರು. ತಾಸು ಮುಗಿಯುವವರೆಗೆ ಕುಳಿತು ಎದ್ದು ಹೋದ. ಮಗನನ್ನು ಮುಂದಿನ ಶನಿವಾರ ಕಳಿಸಲಿಲ್ಲ, ಅದರ ಮುಂದಿನ ಶನಿವಾರ ಕಳಿಸಿದ.

ಶ್ರದ್ಧಾ ಮರಳಿ ಬಂದ ಮೇಲಿನ ಘಟಕ ಚಾಚಣಿಯಲ್ಲಿ ಗಣಿತದಲ್ಲಿ ನಾಪಾಸಾಗಿದ್ದಳು. ಊಟದ ಬಿಡುವಿನಲ್ಲಿ ಗಣಿತದ ಸರ್ ಹತ್ತಿರ ಕೂರಿಸುವ ವ್ಯವಸ್ಥೆಯಾಯಿತು. ಪಾರ್ವತಿಬಾಯಿ ಎದ್ದು ಓಡಾಡತೊಡಗಿದಳು. ಮುಂಜಾನೆಯ ಬುತ್ತಿಯ ರೊಟ್ಟಿ ಮಾತ್ರ ಇನ್ನೂ ಅಪ್ಪನದೇ ಎಂದು ಹುಡುಗಿ ಒಂದು ದಿನ ತಾನಾಗಿ ಹೇಳಿದಳು.

ಡಿಸೆಂಬರಿನ ಒಂದು ಶುಕ್ರವಾರ ವರದಾಬಾಯಿ ಅರ್ಧ ದಿನದ ರಜೆ ಹಾಕಿ ಸೋಲಾಪುರದ ಶಿಕ್ಷಣ ಕಚೇರಿಗೆ ಹೋದರು. ಠರಾವಿನ ನಕಲು ಲಗತ್ತಿಸಿ, ಜಿಲ್ಲೆಯ ಎಲ್ಲ ಹೈಸ್ಕೂಲುಗಳಿಗೂ ಹೀಗೆ ಮಾಡಬೇಕೆಂದು ಮರಾಠಿಯಲ್ಲಿ ಬರೆದಿದ್ದರು. ಒಂದೂವರೆ ತಾಸು ಬೆಂಚಿನ ಮೇಲೆ ಕಾದ ಮೇಲೆ ಒಬ್ಬ ಅಧಿಕಾರಿ ಅದನ್ನು ಪೂರ್ತಿ ಓದಿದ. ಒಳ್ಳೆಯ ವಿಚಾರ, ಆದರೆ ಪಠ್ಯಕ್ರಮದ ಮಾತು ಪುಣೆಯ ರಾಜ್ಯ ಕಚೇರಿಯಿಂದಲೇ ಬರಬೇಕು ಎಂದು ಮರ್ಯಾದೆಯಿಂದಲೇ ಹೇಳಿದ. ವರದಾಬಾಯಿ ಅಲ್ಲಿಯ ವಿಳಾಸ ಕೇಳಿದರು. ಅವನು ಒಂದು ಚೀಟಿಯ ಮೇಲೆ ಬರೆದುಕೊಟ್ಟ. ಅದನ್ನು ಪರ್ಸಿನಲ್ಲಿಟ್ಟು ಹೊರಗೆ ಬಂದರು.

ಬಿಸಿಲು ಚುರುಕಾಗಿತ್ತು. ಮನೆಗೆ ಹೋಗಿ ಮಲಗಬೇಕೆನಿಸಿತು. ಆದರೆ ಮರುದಿನ ಎಂಟನೆಯ ತರಗತಿಗೆ ಗುಂಡಿ ಹೊಲಿಯುವ ಪಾಠವಿತ್ತು. ಅವರು ಪೇಟೆಯ ಕಡೆ ತಿರುಗಿ, ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ನಲವತ್ತಾರು ಸೂಜಿ ಕೇಳಿದರು. ಅಂಗಡಿಯವನು ಪೊಟ್ಟಣಕ್ಕೆ ಇಪ್ಪತ್ತೈದು ಬರುತ್ತವೆ ಎಂದ. ಹಾಗಾದರೆ ಎರಡು ಕೊಡಿ, ಕಳೆಯುವವರು ಇದ್ದೇ ಇರುತ್ತಾರೆ ಎಂದರು ವರದಾಬಾಯಿ.